ಬದ್ಲಿ ರೈಡರ್ ಎಷ್ಟನೇ ಜಾಗಕ್ಕೆ ಬರ್ತಾನ? ಶುಕ್ರವಾರವೇ ಅಂದಾಜು ಹಾಕುವ ಬಗೆ

2018ರ ಅಕ್ಟೋಬರ್ ಕೊನೆಯ ಭಾನುವಾರ ಬೆಳಗ್ಗೆ ಸೇಡಂ ರೋಡಿನ ನನ್ನ ಗ್ಯಾರೇಜಿನ ಶಟರ್ ಅರ್ಧಕ್ಕೇ ಎತ್ತಿತ್ತು. ಒಳಗೆ ನಾನು, ನನ್ನ ಅಕ್ಕನ ಮಗ ಇಬ್ಬರೇ. ಟೂಲ್ ಬಾಕ್ಸಿಗೆ ಫೋನ್ ಆನಿಸಿಟ್ಟು ಮೋಟೊಜಿಪಿ, ಅಂದರೆ ಬೈಕ್ ರೇಸಿನ ವಿಶ್ವ ಚಾಂಪಿಯನ್‌ಶಿಪ್‌ನ, ಆಸ್ಟ್ರೇಲಿಯಾದ ಫಿಲಿಪ್ ಐಲೆಂಡ್ ರೇಸ್ ನೋಡುತ್ತ ಕೂತಿದ್ದೆವು. ಹಾರ್ಹೆ ಲೊರೆಂಜೊಗೆ ಗಾಯವಾಗಿತ್ತು. ಅವನ ಡುಕಾಟಿ ಮೇಲೆ ಆಲ್ವಾರೊ ಬೌಟಿಸ್ಟಾ ಕೂತಿದ್ದ.

"ಮಾಮಾ, ಇಂವ ಎಷ್ಟನೇದು ಬರ್ತಾನ?"

"ಬದ್ಲಿ ಬಂದವ ಅಲ್ಲೇನೋ. ಹನ್ನೆರಡರ ಒಳಗ ಬಂದ್ರ ಭಾಳ ಆಯ್ತು."

ಬೌಟಿಸ್ಟಾ 4ನೆಯವನಾಗಿ ಬಂದ.

ನಾಲ್ಕು ವರ್ಷದ ನಂತರ, 2022ರ ಅಕ್ಟೋಬರಿನಲ್ಲಿ, ಥಾಯ್ಲೆಂಡಿನ ಬುರಿರಾಮ್ ರೇಸ್. ಜೊವಾನ್ ಮಿರ್ ಜಾಗದಲ್ಲಿ ಸುಜುಕಿ ಮೇಲೆ ಡನಿಲೊ ಪೆಟ್ರುಚಿ. ಅದೇ ವರ್ಷ ಮರುಭೂಮಿಯ ಡಾಕರ್ ರ‍್ಯಾಲಿಯಲ್ಲಿ ಒಂದು ಸ್ಟೇಜ್ ಗೆದ್ದವನು, ಅದಕ್ಕೂ ಮೊದಲು ಮೋಟೊಜಿಪಿಯಲ್ಲೇ ರೇಸ್ ಗೆದ್ದವನು. ಅವತ್ತು ಮಳೆ ಬೇರೆ, ಪೆಟ್ರುಚಿ ಮಳೆಯಲ್ಲಿ ಪಳಗಿದವನು. ಈ ಸಲ ಅಳಿಯ "ಟಾಪ್ ಫೈವ್ ಪಕ್ಕಾ ಮಾಮಾ" ಅಂದ, ನಾನೂ ಹೂಂ ಅಂದೆ. ಪೆಟ್ರುಚಿ 20ನೆಯವನಾಗಿ ಬಂದ.

ಒಮ್ಮೆ ಕಡಿಮೆ ಅಂದೆವು, ಒಮ್ಮೆ ಜಾಸ್ತಿ ಅಂದೆವು. ಎರಡು ಸಲವೂ ನಾವು ಮಾಡಿದ್ದು ಒಂದೇ ತಪ್ಪು. ಮನುಷ್ಯನ ಹೆಸರು ನೋಡಿ ಅಂದಾಜು ಹಾಕಿದ್ದೆವು. ಅವನ ಕೈಗೆ ಏನು ಕೊಟ್ಟಿದ್ದಾರೆ, ಅದನ್ನು ಅವನು ಮುಂಚೆ ಮುಟ್ಟಿದ್ದಾನಾ, ಎಷ್ಟು ದಿನ ಸಿಕ್ಕಿದೆ ಅನ್ನುವುದನ್ನು ಕೇಳಲೇ ಇಲ್ಲ. ಅವತ್ತಿನಿಂದ ಗಾಳಿ ಮೀಟರ್ ಪಕ್ಕದ ಮೊಳೆಗೆ ಒಂದು ನೋಟ್‌ಬುಕ್ ತೂಗುಹಾಕಿದ್ದೇವೆ. ಬದ್ಲಿ ರೈಡರ್ ಬಂದ ಪ್ರತಿ ವಾರ ಅದರಲ್ಲಿ ಬರೆಯುತ್ತೇವೆ. ಆ ಲೆಕ್ಕ ಹೇಗೆ ಹಾಕುತ್ತೇವೆ ಅಂತ ಇಲ್ಲಿ ಹೇಳುತ್ತೇನೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಿ. ಬದ್ಲಿ ಬೇರೆ, ವೈಲ್ಡ್ ಕಾರ್ಡ್ ಬೇರೆ. ವೈಲ್ಡ್ ಕಾರ್ಡ್ ಅಂದರೆ ಕಂಪನಿ ತಾನೇ ಇಳಿಸುವ ಹೆಚ್ಚುವರಿ ಬೈಕು. ಅದಕ್ಕೆ ಮುಂಚಿನಿಂದಲೇ ತಯಾರಿ ನಡೆದಿರುತ್ತದೆ, ರೈಡರಿಗೆ ಬೇಕಾದ ಹಾಗೆ ಬೈಕು ಕಟ್ಟಿರುತ್ತಾರೆ. 2023ರಲ್ಲಿ ಹೆರೆಜ್‌ನಲ್ಲಿ ಡಾನಿ ಪೆಡ್ರೋಸಾ ಕೆಟಿಎಂ ಮೇಲೆ ಶನಿವಾರದ ಚಿಕ್ಕ ರೇಸ್ ಸ್ಪ್ರಿಂಟ್‌ನಲ್ಲಿ 6, ಭಾನುವಾರದ ರೇಸಿನಲ್ಲಿ 7 ಬಂದಿದ್ದು ಹಾಗೆ. ಬದ್ಲಿ ಅಂದರೆ ಇನ್ನೊಬ್ಬನ ಮೂಳೆ ಮುರಿದದ್ದಕ್ಕೆ ಫೋನ್ ಬಂದು ಓಡಿಬಂದವನು. ಪೆಡ್ರೋಸಾನ ಅಳತೆಗೋಲು ಹಿಡಿದು ಇವನನ್ನು ಅಳೆದರೆ ಅನ್ಯಾಯವಾಗುತ್ತದೆ.

ಕಳೆದ ತಿಂಗಳು ಅವನು ಯಾವ ಬೈಕಿನ ಮೇಲಿದ್ದ?

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇದು. ನೋಟ್‌ಬುಕ್ಕಿನ ಮೊದಲ ಸಾಲು ಇದಕ್ಕೇ.

ನನ್ನದೇ ಒಂದು ಮಾತು ಹೇಳುತ್ತೇನೆ. ನಾನು ಕೆಲಸ ಕಲಿತ ಉಸ್ತಾದರು ಎಡಚರು. ಅವರ ಟೂಲ್ ಬಾಕ್ಸಿನಲ್ಲಿ ಪಾನಾ, ಸ್ಕ್ರೂ ಡ್ರೈವರ್, ಪ್ಲೈಯರ್ ಎಲ್ಲ ಎಡಗೈಗೆ ಸಿಗುವ ಹಾಗೆ ಇರುತ್ತಿದ್ದವು. ಒಮ್ಮೆ ಅವರ ಮಣಿಕಟ್ಟು ಮುರಿದು, ತಿಂಗಳ ಮಟ್ಟಿಗೆ ಆ ಜಾಗದಲ್ಲಿ ನಾನು ಕೂತೆ. ಅದೇ ಅಂಗಡಿ, ಅದೇ ಗಾಡಿಗಳು, ನನಗೆ ಗೊತ್ತಿದ್ದ ಕೆಲಸವೇ. ಆದರೂ ಮೊದಲ ದಿನ ಒಂದು ಕ್ಲಚ್ ಪ್ಲೇಟ್ ಬದಲಿಸುವುದಕ್ಕೆ ಎಂದಿಗಿಂತ ದುಪ್ಪಟ್ಟು ಹೊತ್ತು ಹಿಡಿಯಿತು, ಯಾಕಂದರೆ ಕೈ ಚಾಚಿದ ಕಡೆ ಬೇಕಾದ ಪಾನಾ ಇರುತ್ತಿರಲಿಲ್ಲ. ಎರಡನೇ ವಾರದ ಹೊತ್ತಿಗೆ ಕಣ್ಣುಮುಚ್ಚಿ ತೆಗೆಯುತ್ತಿದ್ದೆ. ಬದ್ಲಿ ರೈಡರಿಗೆ ಆ ಎರಡನೇ ವಾರವೇ ಸಿಗುವುದಿಲ್ಲ.

ಹ್ಯಾಂಡಲ್, ಸೀಟು, ಲಿವರ್, ಫುಟ್‌ರೆಸ್ಟ್ ಇವನ್ನೆಲ್ಲ ಟೀಮಿನವರು ಒಂದು ರಾತ್ರಿಯಲ್ಲಿ ಅವನ ಅಳತೆಗೆ ತರುತ್ತಾರೆ. ಒಂದು ರಾತ್ರಿಯಲ್ಲಿ ಬಾರದಿರುವುದು ಕೈಯ ನಂಬಿಕೆ. ಮೋಟೊಜಿಪಿ ಬೈಕಿನ ಮುಂದಿನ ಬ್ರೇಕ್ ಡಿಸ್ಕ್ ಕಾರ್ಬನ್ನಿನದು. ಅದು ಕಾಯದೆ ಹಿಡಿಯುವುದಿಲ್ಲ, ಕಾದರೆ ಮಾತ್ರ ಭಯಂಕರ ಹಿಡಿತ. ಸೂಪರ್‌ಬೈಕಿನಲ್ಲಿ, ಅಂದರೆ ಅಂಗಡಿಯಲ್ಲಿ ಮಾರುವ ಬೈಕನ್ನೇ ತಿದ್ದಿ ಓಡಿಸುವ ಇನ್ನೊಂದು ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ, ಸ್ಟೀಲ್ ಡಿಸ್ಕ್. ಟೈರೂ ಬೇರೆ: 2016ರಿಂದ ಮೋಟೊಜಿಪಿಗೆ ಮಿಶೆಲಿನ್, ಸೂಪರ್‌ಬೈಕಿಗೆ ಪಿರೆಲ್ಲಿ. ವರ್ಷಗಟ್ಟಲೆ ಒಂದು ಟೈರಿನ ಮೇಲೆ ಮಲಗಿ ತಿರುಗಿದ ಮೈ, ಇನ್ನೊಂದು ಟೈರು ಜಾರುವ ಮುಂಚೆ ಕೊಡುವ ಸೂಚನೆಯನ್ನು ಎರಡು ದಿನದಲ್ಲಿ ಓದುವುದು ಕಷ್ಟ.

ಹಾಗಾಗಿ ಬೌಟಿಸ್ಟಾ 4ನೇ ಬಂದದ್ದರಲ್ಲಿ ಪವಾಡವಿಲ್ಲ. ಅವನು ಆ ವರ್ಷವಿಡೀ ಇನ್ನೊಂದು ಟೀಮಿನಲ್ಲಿ ಹಿಂದಿನ ವರ್ಷದ ಡುಕಾಟಿಯನ್ನೇ ಓಡಿಸುತ್ತಿದ್ದ. ಅದೇ ಕಂಪನಿ, ಅದೇ ಮಿಶೆಲಿನ್, ಅದೇ ಕಾರ್ಬನ್ ಬ್ರೇಕ್. ಬದಲಾದದ್ದು ಹೊಸ ಮಾಡೆಲ್, ಅದೂ ಮೊದಲಿನದಕ್ಕಿಂತ ಚೆನ್ನಾದದ್ದು. ಇಂಥವನು ಬದ್ಲಿ ಬಂದಾಗ ಕಣ್ಣುಮುಚ್ಚಿ ಮೊದಲ ಹತ್ತರೊಳಗೆ ಬರೆಯಿರಿ.

ಪೆಟ್ರುಚಿಯ ಕಥೆ ಇನ್ನೂ ಸ್ಪಷ್ಟವಾಗಿ ಕಲಿಸುತ್ತದೆ, ಯಾಕಂದರೆ ಅಲ್ಲಿ ಮನುಷ್ಯ ಒಬ್ಬನೇ. ಬುರಿರಾಮ್‌ನಲ್ಲಿ ಸುಜುಕಿ ಅವನಿಗೆ ಪೂರಾ ಹೊಸದು: 20ನೇ ಜಾಗ. ಮುಂದಿನ ವರ್ಷ, 2023ರ ಮೇ ತಿಂಗಳಲ್ಲಿ, ಎನೆಯಾ ಬಾಸ್ಟಿಯಾನಿನಿ ಗಾಯಗೊಂಡಿದ್ದಾಗ ಅದೇ ಪೆಟ್ರುಚಿ ಫ್ರಾನ್ಸಿನ ಲೆ ಮಾನ್ಸ್‌ಗೆ ಡುಕಾಟಿ ಮೇಲೆ ಬಂದ. ಹಿಂದೆ ವರ್ಷಗಟ್ಟಲೆ ಡುಕಾಟಿ ಓಡಿಸಿದ್ದವನು, 2020ರಲ್ಲಿ ಲೆ ಮಾನ್ಸ್‌ನಲ್ಲೇ ಮಳೆಯಲ್ಲಿ ಗೆದ್ದಿದ್ದವನು. ನಮ್ಮ ನೋಟ್‌ಬುಕ್ಕಿನಲ್ಲಿ ಅಳಿಯ "10ರಿಂದ 13" ಅಂತ ಬರೆದಿದ್ದ. 11 ಬಂದ. ಅವತ್ತು ಆ ಹುಡುಗನ ಮುಖ ನೋಡಬೇಕಿತ್ತು.

ನಮ್ಮ ಗ್ಯಾರೇಜಿಗೆ ಬರುವ ಬಸ್ ಡ್ರೈವರ್ ಅಣ್ಣ ಒಬ್ಬರಿದ್ದಾರೆ, ಡಿಪೋದಲ್ಲಿ ಬದ್ಲಿ ಡ್ಯೂಟಿ ಭಾಳ ಮಾಡಿದವರು. ಈ ಮಾತು ಕೇಳಿ ಅವರು ಹೇಳಿದ್ದು: "ಗಾಡಿ ಹೊಸದಿದ್ರೂ ನಡೀತದ, ರೋಡ್ ಹೊಸದಿದ್ರೂ ನಡೀತದ. ಎರಡೂ ಹೊಸದಾದ್ರ ಟೈಮಿಂಗ್ ಕೇಳಬ್ಯಾಡ್ರಿ." ಇದನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆದಿಟ್ಟಿದ್ದೇನೆ.

ಸೂಪರ್‌ಬೈಕಿನಿಂದ ಬರುವವರ ಬಗ್ಗೆ ಆಸೆ ಜಾಸ್ತಿ ಇಡುತ್ತಾರೆ ಜನ. ಅಲ್ಲಿ ಗೆಲ್ಲುವವನು ಇಲ್ಲೂ ಗೆಲ್ಲಬೇಕಲ್ಲ ಅಂತ. ನಿಕಿ ಹೇಡನ್ 2006ರ ವಿಶ್ವ ಚಾಂಪಿಯನ್. 2016ರಲ್ಲಿ ಸೂಪರ್‌ಬೈಕಿಗೆ ಹೋಗಿ ಮಲೇಷ್ಯಾದಲ್ಲಿ ರೇಸ್ ಗೆದ್ದ. ಅದೇ ವರ್ಷ ಜ್ಯಾಕ್ ಮಿಲ್ಲರ್ ಬದಲಿಗೆ ಅರಗಾನ್‌ನಲ್ಲಿ ಹೋಂಡಾ ಓಡಿಸಿ 15ನೇ ಬಂದ, ಒಂದು ಪಾಯಿಂಟ್ ತಗೊಂಡ. ಹೇಡನ್‌ನಂಥವನಿಗೆ 15 ಅಂದರೆ, ಸೂಪರ್‌ಬೈಕಿನಿಂದ ಮೊದಲ ಸಲ ಬಂದ ಯಾರೇ ಆಗಲಿ, 14ರಿಂದ 18ರ ನಡುವೆ ಬರೆಯುವುದೇ ನ್ಯಾಯ. 2012ರಲ್ಲಿ ಜೊನಾಥನ್ ರೇ ಕೇಸಿ ಸ್ಟೋನರ್‌ನ ಹೋಂಡಾ ಮೇಲೆ ಮಿಸಾನೊದಲ್ಲಿ 8, ಅರಗಾನ್‌ನಲ್ಲಿ 7 ಬಂದ. ಅವನು ಮುಂದೆ 2015ರಿಂದ ಸಾಲಾಗಿ ಆರು ಸಲ ಸೂಪರ್‌ಬೈಕ್ ಚಾಂಪಿಯನ್ ಆದ ಅಸಾಧಾರಣ ರೈಡರ್. ಅಷ್ಟು ದೊಡ್ಡವನಿಗೂ, ಗ್ರಿಡ್ಡಿನ ಅತಿ ಬಲದ ಬೈಕುಗಳಲ್ಲಿ ಒಂದು ಸಿಕ್ಕರೂ, ಬಂದದ್ದು 8 ಮತ್ತು 7.

ಹಾಗಾದರೆ ಟ್ರಾಯ್ ಬೇಲಿಸ್? ಈ ಪ್ರಶ್ನೆ ಕೇಳದೆ ಯಾರೂ ಬಿಡುವುದಿಲ್ಲ, ಕೇಳಲೇಬೇಕು. 2006ರ ಕೊನೆಯ ರೇಸ್, ವೆಲೆನ್ಸಿಯಾ. ಸೆಟೆ ಜಿಬರ್ನೊ ಬದಲಿಗೆ ಡುಕಾಟಿ ಮೇಲೆ ಬೇಲಿಸ್ ಬಂದ, ವಯಸ್ಸು 37, ಆ ವರ್ಷದ ಸೂಪರ್‌ಬೈಕ್ ಚಾಂಪಿಯನ್. ಅದೇ ರೇಸಿನಲ್ಲಿ ವ್ಯಾಲೆಂಟಿನೊ ರೋಸಿ ಬಿದ್ದು, 8 ಪಾಯಿಂಟ್ ಹಿಂದಿದ್ದ ಹೇಡನ್ 5 ಪಾಯಿಂಟ್ ಅಂತರದಲ್ಲಿ ಚಾಂಪಿಯನ್ ಆದ. ಎಲ್ಲರ ಕಣ್ಣೂ ಅವರಿಬ್ಬರ ಮೇಲೆ. ರೇಸ್ ಗೆದ್ದವನು ಬೇಲಿಸ್! ಎರಡನೆಯವನು ಇನ್ನೊಬ್ಬ ಡುಕಾಟಿ ರೈಡರ್ ಲೊರಿಸ್ ಕಪಿರೋಸಿ. ಈ ರೇಸನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ, ಈಗಲೂ ಕೊನೆಯ ಲ್ಯಾಪಿಗೆ ಎದೆ ತುಂಬಿ ಬರುತ್ತದೆ. ಆದರೆ ಕಾರಣ ಬಿಡಿಸಿ ನೋಡಿ. ಬೇಲಿಸ್ 2003, 2004ರಲ್ಲಿ ಡುಕಾಟಿಯ ಮೋಟೊಜಿಪಿ ಬೈಕನ್ನೇ ಓಡಿಸಿದ್ದ, 2005ರಲ್ಲಿ ಹೋಂಡಾ. 2006ರಲ್ಲಿ ಅವನ ಸೂಪರ್‌ಬೈಕೂ ಡುಕಾಟಿಯೇ. ಗೆದ್ದ ಬಿಸಿ ಇನ್ನೂ ಆರಿರಲಿಲ್ಲ, ಕಳೆದುಕೊಳ್ಳುವುದಕ್ಕೆ ಪಾಯಿಂಟೂ ಇರಲಿಲ್ಲ. ನಮ್ಮ ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ಎಲ್ಲ ಗುರುತೂ ಬೀಳುತ್ತವೆ. ಹಾಗೆ ಎಲ್ಲ ಗುರುತು ಬೀಳುವುದು ಎಷ್ಟು ಅಪರೂಪ ಅಂದರೆ, ಬೇಲಿಸ್‌ನ ಹೆಸರು ಹೇಳಿ ಇನ್ನೊಬ್ಬ ಬದ್ಲಿಯ ಮೇಲೆ ಭಾರ ಹೊರಿಸಬೇಡಿ.

ದಿನ ಎಷ್ಟು, ಕರೆದದ್ದು ಯಾಕೆ

ರೈಡರ್ ಹೊರಬಿದ್ದ ಮೇಲೆ 10 ದಿನದೊಳಗೆ ಬದ್ಲಿಯನ್ನು ಒದಗಿಸಲು ಟೀಮು ಸರಿಯಾದ ಪ್ರಯತ್ನ ಮಾಡಬೇಕು ಅನ್ನುವುದು ನಿಯಮ. ಹಾಗಾಗಿ ಗಾಯವಾದ ವಾರದಲ್ಲೇ ಇನ್ನೊಂದು ರೇಸ್ ಇದ್ದರೆ ಜಾಗ ಖಾಲಿ ಬಿಡುವುದೂ ಉಂಟು. ಹೆಸರು ಪ್ರಕಟವಾದ ಕೂಡಲೇ ಕುಣಿಯಬೇಡಿ, ಗಾಯಾಳು ಎದ್ದು ಬಂದುಬಿಡಬಹುದು. 2013ರ ಆಸೆನ್‌ನಲ್ಲಿ ಲೊರೆಂಜೊ ಗುರುವಾರ ಬಿದ್ದು ಕಾಲರ್ ಬೋನ್ ಮುರಿದುಕೊಂಡು, ಬಾರ್ಸಿಲೋನಾಕ್ಕೆ ಹಾರಿ ಆಪರೇಷನ್ ಮಾಡಿಸಿಕೊಂಡು, ಶನಿವಾರ ರೇಸ್ ಓಡಿಸಿ 5ನೇ ಬಂದ. 2020ರಲ್ಲಿ ವೆಲೆನ್ಸಿಯಾದಲ್ಲಿ ಗ್ಯಾರೆಟ್ ಗರ್ಲಾಫ್ ಶುಕ್ರವಾರ ಪೂರಾ ರೋಸಿಯ ಯಮಾಹಾ ಓಡಿಸಿದ. ಕೋವಿಡ್‌ನಿಂದ ಹೊರಬಂದ ರೋಸಿ ಶನಿವಾರ ಹಾಜರಾದ, ಗರ್ಲಾಫ್ ಬೈಕಿನಿಂದ ಇಳಿದ. ಆ ಹುಡುಗನ ಆ ಶನಿವಾರ ನೆನೆದರೆ ನನಗೆ ಈಗಲೂ ಸಂಕಟ.

ಕರೆದದ್ದು ಯಾಕೆ ಅನ್ನುವುದನ್ನೂ ಬರೆಯಿರಿ. 2015ರಲ್ಲಿ ಡಾನಿ ಪೆಡ್ರೋಸಾ ಕೈ ಆಪರೇಷನ್ನಿಗೆ ಹೋದಾಗ, ಎರಡು ಸಲದ ಚಾಂಪಿಯನ್ ಕೇಸಿ ಸ್ಟೋನರ್ ಆಸ್ಟಿನ್‌ನಲ್ಲಿ ನಾನು ಓಡಿಸುತ್ತೇನೆ ಅಂತ ಮುಂದೆ ಬಂದ. ಹೋಂಡಾ ಕಳಿಸಿದ್ದು ಬೈಕು ಪರೀಕ್ಷೆಗೆಂದೇ ಇಟ್ಟುಕೊಂಡ ಟೆಸ್ಟ್ ರೈಡರ್ ಹಿರೋಶಿ ಅವೊಯಾಮಾನನ್ನು. ಅವನು 11ನೇ ಬಂದ. ನಮಗೆ ಸ್ಟೋನರ್ ಬೇಕಿತ್ತು, ಖರೇ. ಆದರೆ ಟೆಸ್ಟ್ ರೈಡರನ್ನು ಕರೆದಾಗ ಟೀಮಿಗೆ ಬೇಕಾದದ್ದು ಬೈಕು ಸುರಕ್ಷಿತವಾಗಿ ಗೆರೆ ದಾಟುವುದು, ಮಾಹಿತಿ ಸಿಗುವುದು. ಹೊಸ ಭಾಗಗಳನ್ನೂ ಅವನ ಬೈಕಿನ ಮೇಲೇ ಪರೀಕ್ಷೆ ಮಾಡಬಹುದು. ಅವನಿಗೆ 11ರಿಂದ 15 ಬರೆಯಿರಿ.

ಟೆಸ್ಟ್ ರೈಡರ್ ಸಾಲಾಗಿ ಓಡಿದರೆ ಮಾತ್ರ ಲೆಕ್ಕ ಬೇರೆ. 2020ರ ಜುಲೈನಲ್ಲಿ ಮಾರ್ಕ್ ಮಾರ್ಕೆಸ್ ಹೆರೆಜ್‌ನಲ್ಲಿ ತೋಳು ಮುರಿದುಕೊಂಡ ಮೇಲೆ ಸ್ಟೆಫಾನ್ ಬ್ರಾಡ್ಲ್ ಆ ಹೋಂಡಾ ಹತ್ತಿದ. ಮೊದಮೊದಲು ಹಿಂದೆ ಹಿಂದೆ. ಲೆ ಮಾನ್ಸ್‌ನಲ್ಲಿ ಮಳೆ ಬಂದಾಗ 8. ವರ್ಷದ ಕೊನೆಯ ರೇಸ್ ಪೋರ್ಟಿಮಾವ್‌ನಲ್ಲಿ 7. ಪೋರ್ಟಿಮಾವ್ ಆ ವರ್ಷ ಮೋಟೊಜಿಪಿಗೇ ಹೊಸ ಟ್ರ್ಯಾಕ್. ಉಳಿದವರಿಗೆ ಬೇರೆ ಟ್ರ್ಯಾಕುಗಳಲ್ಲಿ ಇದ್ದ ಹಳೆಯ ಡೇಟಾ, ಹಳೆಯ ರೂಢಿ ಅಲ್ಲಿ ಇರಲಿಲ್ಲ. ಎಲ್ಲರಿಗೂ ಹೊಸದಾದ ಟ್ರ್ಯಾಕು ಬದ್ಲಿಯ ಗೆಳೆಯ. ಇದು ನನಗೆ ಎಷ್ಟೋ ತಡವಾಗಿ ಹೊಳೆದದ್ದು.

ಶುಕ್ರವಾರದ ಲೆಕ್ಕ

ಇಲ್ಲಿಗೆ ಪೆನ್ನು ಹಿಡಿಯಿರಿ. ಶುಕ್ರವಾರ ಬೆಳಗಿನ ಪ್ರಾಕ್ಟೀಸ್ 45 ನಿಮಿಷ, ಮಧ್ಯಾಹ್ನದ್ದು ಒಂದು ತಾಸು, ಶನಿವಾರ ಬೆಳಗ್ಗೆ ಇನ್ನೂ 30 ನಿಮಿಷ. ಒಟ್ಟು ಎರಡೂಕಾಲು ತಾಸು. ಕಲಬುರಗಿಯಿಂದ ಹುಮನಾಬಾದ್ ಮೇಲೆ ಬೈಕಿನಲ್ಲಿ ಬೀದರ್ ಮುಟ್ಟುವುದಕ್ಕೆ ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು. ಅಷ್ಟರೊಳಗೆ ಅವನು ಇನ್ನೊಬ್ಬನ ಬೈಕು ಕಲಿತು, ಸ್ಟಾರ್ಟಿನಲ್ಲಿ ಯಾರು ಎಲ್ಲಿ ನಿಲ್ಲಬೇಕು ಅಂತ ತೀರ್ಮಾನಿಸುವ ಕ್ವಾಲಿಫೈಯಿಂಗಿಗೆ ನಿಲ್ಲಬೇಕು.

ಟಿವಿಯಲ್ಲಿ ಕಾಣುವ ಪಟ್ಟಿಯಲ್ಲಿ ಅವನು ಕೊನೆಯಲ್ಲಿದ್ದರೆ ಹೆದರಬೇಡಿ. ಮಧ್ಯಾಹ್ನದ ಸೆಷನ್ನಿನ ಕೊನೆಗೆ ಎಲ್ಲರೂ ಹೊಸ ಸಾಫ್ಟ್ ಟೈರ್ ಹಾಕಿ ಒಂದೇ ಲ್ಯಾಪಿಗೆ ಜೀವ ಒತ್ತೆ ಇಡುತ್ತಾರೆ, ಯಾಕಂದರೆ ಮೊದಲ ಹತ್ತು ಜನ ನೇರ ಕ್ಯೂ2ಗೆ, ಅಂದರೆ ಕ್ವಾಲಿಫೈಯಿಂಗಿನ ಎರಡನೇ ಸುತ್ತಿಗೆ, ಹೋಗುತ್ತಾರೆ. ಬದ್ಲಿ ಅತಿ ಹೆಚ್ಚು ಕಳೆದುಕೊಳ್ಳುವುದು ಆ ಒಂದು ಲ್ಯಾಪಿನಲ್ಲಿ. ನೀವು ನೋಡಬೇಕಾದ್ದು ಅವನು ಪಿಟ್ಟಿಗೆ ಬಾರದೆ ಐದಾರು ಲ್ಯಾಪ್ ಸಾಲಾಗಿ ಓಡಿದ ಟೈಮಿಂಗ್. ಮೋಟೊಜಿಪಿಯ ಅಧಿಕೃತ ಜಾಲತಾಣದಲ್ಲಿ ಪ್ರತಿ ಸೆಷನ್ನಿನ ಲ್ಯಾಪ್‌ವಾರು ಪಟ್ಟಿ ಸಿಗುತ್ತದೆ, ಇಳಿಸಿಕೊಳ್ಳಿ.

ಆ ಐದಾರು ಲ್ಯಾಪಿನ ಸರಾಸರಿ ತೆಗೆಯಿರಿ. ಪಟ್ಟಿಯಲ್ಲಿ 14, 15ನೇ ಜಾಗದ ಸುತ್ತ ಇರುವ ಒಬ್ಬಿಬ್ಬರ ಸರಾಸರಿಯನ್ನೂ ಹಾಗೇ ತೆಗೆಯಿರಿ. ಮೊದಲನೆಯವನ ಜೊತೆ ಹೋಲಿಸಬೇಡಿ, ಅದರಿಂದ ಏನೂ ಗೊತ್ತಾಗುವುದಿಲ್ಲ. ಪಾಯಿಂಟ್ ಸಿಗುವುದು 15ರವರೆಗೆ, ಹಾಗಾಗಿ ಅಲ್ಲಿರುವವರೇ ಇವನ ಎದುರಾಳಿಗಳು. ಉದಾಹರಣೆಗೆ ಇವನ ಸರಾಸರಿ 1:33.0, ಅವರದ್ದು 1:32.8 ಅಂತಿಟ್ಟುಕೊಳ್ಳಿ. ವ್ಯತ್ಯಾಸ 0.2 ಸೆಕೆಂಡ್. 25 ಲ್ಯಾಪಿಗೆ ಗುಣಿಸಿದರೆ 5 ಸೆಕೆಂಡ್. ಇದು ಕೈಗೆಟುಕುವ ಅಂತರ, ಸ್ಟಾರ್ಟ್ ಚೆನ್ನಾಗಿ ಆದರೆ ಸಾಕು. ಅದೇ ವ್ಯತ್ಯಾಸ 0.6 ಇದ್ದರೆ 15 ಸೆಕೆಂಡ್. ಆಗ ಮುಂದಿನವರು ಬಿದ್ದರೆ ಮಾತ್ರ ಪಾಯಿಂಟ್.

ಇನ್ನೊಂದು ಗೆರೆ ಶುಕ್ರವಾರ ಬೆಳಗ್ಗೆಯಿಂದ ಶನಿವಾರ ಬೆಳಗ್ಗೆವರೆಗೆ ಅವನು ತನ್ನದೇ ಟೈಮಿಂಗ್ ಎಷ್ಟು ಇಳಿಸಿದ ಅನ್ನುವುದಕ್ಕೆ. ಉಳಿದವರು ಅರ್ಧ ಸೆಕೆಂಡ್ ಇಳಿಸಿ, ಇವನು ಒಂದೂವರೆ ಇಳಿಸಿದರೆ ಇನ್ನೂ ಇಳಿಯುತ್ತಾನೆ, ನಿಮ್ಮ ಅಂದಾಜನ್ನು ಎರಡು ಜಾಗ ಮೇಲಕ್ಕೆ ತನ್ನಿ. ನನಗೆ ಈ ಗೆರೆಯೇ ಎಲ್ಲಕ್ಕಿಂತ ಪ್ರೀತಿ. ಕಲಿಯುವ ಕೈ ಅಲ್ಲಿ ಕಣ್ಣಿಗೆ ಕಾಣುತ್ತದೆ.

ಮಳೆ ಬಂದರೆ

ಮಳೆ ಬದ್ಲಿಗೆ ಒಳ್ಳೆಯದು ಅಂತ ಸುಮ್ಮನೆ ಹೇಳುವುದು ತಪ್ಪು, ಬುರಿರಾಮ್ ಅದನ್ನು ತೋರಿಸಿತು. ಪೂರಾ ಮಳೆಯಲ್ಲಿ ಬೈಕಿನ ಮೇಲೆ ನಂಬಿಕೆ ಇಲ್ಲದವನು ಇನ್ನೂ ಹಿಂದೆ ಬೀಳುತ್ತಾನೆ. ಅರ್ಧ ಒಣಗಿದ ಟ್ರ್ಯಾಕು ಮಾತ್ರ ಬೇರೆ ಕಥೆ. 2012ರ ವೆಲೆನ್ಸಿಯಾದಲ್ಲಿ ಬೆನ್ ಸ್ಪೀಸ್ ಬದಲಿಗೆ ಯಮಾಹಾದ ಟೆಸ್ಟ್ ರೈಡರ್ ಕತ್ಸುಯುಕಿ ನಕಸುಗ ಓಡಿಸಿದ. ಟ್ರ್ಯಾಕು ಒದ್ದೆಯಿಂದ ಒಣಗುತ್ತಿತ್ತು, ಮುಂದೆ ಇದ್ದ ಲೊರೆಂಜೊ ಬಿದ್ದ. ನಕಸುಗ 2ನೆಯವನಾಗಿ ಬಂದ, ಮೂರನೆಯವನು ತನ್ನ ಕೊನೆಯ ರೇಸ್ ಓಡುತ್ತಿದ್ದ ಕೇಸಿ ಸ್ಟೋನರ್. ಆ ಯಮಾಹಾವನ್ನು ನಕಸುಗ ಟೆಸ್ಟಿಂಗಿನಲ್ಲಿ ಚೆನ್ನಾಗಿ ಬಲ್ಲ. ಬೈಕು ಗೊತ್ತು, ಟ್ರ್ಯಾಕು ಎಲ್ಲರಿಗೂ ಅನುಮಾನ. ಆ ಎರಡೂ ಕೂಡಿದಾಗ ಅಂದಾಜನ್ನು ಐದು ಜಾಗ ಮೇಲಕ್ಕೆ ತರುತ್ತೇನೆ. ಗ್ರಿಡ್ಡಿನಲ್ಲಿ 22 ಜನ ಇರುತ್ತಾರೆ. ಏಳು ಜನ ಬಿದ್ದರೆ, ಬೀಳದೆ ಉಳಿದ ಕೊನೆಯವನಿಗೂ ಪಾಯಿಂಟ್ ಇದೆ ಅನ್ನುವುದನ್ನೂ ನೆನಪಿಡಿ.

ಶನಿವಾರದ ಸ್ಪ್ರಿಂಟನ್ನು ಫಲಿತಾಂಶಕ್ಕಾಗಿ ನೋಡಬೇಡಿ. ಅಲ್ಲಿ ಪಾಯಿಂಟ್ 9ನೇ ಜಾಗದವರೆಗೆ ಮಾತ್ರ, ಬದ್ಲಿಗೆ ಅದು ಎಟುಕುವುದು ಕಷ್ಟ. ಅವನು ಗುಂಪಿನಲ್ಲಿ ಹೇಗೆ ಓಡುತ್ತಾನೆ ನೋಡಿ. ಮುಂದಿನವರ ಹಿಂದೆ ಹೋದಾಗ ಬ್ರೇಕು ಬೇಗ ಹಿಡಿಯುತ್ತಾನಾ, ಮೊದಲ ಎರಡು ಲ್ಯಾಪಿನಲ್ಲಿ ಎಷ್ಟು ಜಾಗ ಬಿಟ್ಟುಕೊಟ್ಟ, ಬರೆದುಕೊಳ್ಳಿ.

ಗಾಳಿಯ ಮಾತು ಹೇಳದೆ ನನಗೆ ಬಿಡಲಾಗದು, ದಿನವಿಡೀ ಗಾಳಿ ಹೊಡೆಯುವವನು ನಾನು. ಮುಂದಿನ ಟೈರಿನ ಒತ್ತಡ ಕನಿಷ್ಠ 1.8 ಬಾರ್ ಇರಬೇಕು ಅಂತ 2024ರಿಂದ ನಿಯಮ. ನಮ್ಮ ಮೀಟರಿನಲ್ಲಿ ಅದು 26 ಪಿಎಸ್‌ಐ, ನಾನು ಸೇಡಂ ರೋಡಿನಲ್ಲಿ ಸ್ಪ್ಲೆಂಡರ್ ಮುಂದಿನ ಚಕ್ರಕ್ಕೆ ಹೊಡೆಯುವುದಕ್ಕೂ ಅದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಭಾನುವಾರದ ರೇಸಿನ 60 ಪರ್ಸೆಂಟ್ ಲ್ಯಾಪುಗಳಲ್ಲಿ ಅಷ್ಟು ಇರದಿದ್ದರೆ 16 ಸೆಕೆಂಡ್ ದಂಡ. ಗುಂಪಿನ ಹಿಂದೆ ಓಡಿದರೆ ಬಿಸಿಗೆ ಟೈರು ಕಾದು ಒತ್ತಡ ಏರುತ್ತದೆ, ಒಬ್ಬನೇ ತಣ್ಣನೆ ಗಾಳಿಯಲ್ಲಿ ಓಡಿದರೆ ಏರುವುದಿಲ್ಲ. ಬದ್ಲಿ ಗುಂಪಿನಲ್ಲಿ ಇರುತ್ತಾನೋ ಒಂಟಿಯಾಗುತ್ತಾನೋ ಅಂತ ಟೀಮು ಮೊದಲೇ ಊಹಿಸಿ ಗಾಳಿ ತುಂಬಬೇಕು. ಹಾಗಾಗಿ ಗೆರೆ ದಾಟಿದ ಕೂಡಲೇ ನೋಟ್‌ಬುಕ್ ಮುಚ್ಚಬೇಡಿ, ಅಧಿಕೃತ ಫಲಿತಾಂಶ ಬರುವವರೆಗೆ ಕಾಯಿರಿ. 2027ರಿಂದ 850 ಸಿಸಿ ಬೈಕು, ಪಿರೆಲ್ಲಿ ಟೈರು ಬರುತ್ತವೆ. ಆಗ ಮೊದಲ ಸಾಲಿನ ಲೆಕ್ಕ ಮತ್ತೆ ಹಾಕಬೇಕು.

ಯುರೋಪಿನ ರೇಸುಗಳು ನಮ್ಮಲ್ಲಿ ಬೇಸಿಗೆಯಿಂದ ಶ್ರಾವಣದವರೆಗೆ ಹೆಚ್ಚಾಗಿ ಸಂಜೆ ಐದೂವರೆಗೆ. ಬಿಸಿಲು ಇಳಿದು, ಗ್ಯಾರೇಜಿನ ಮುಂದೆ ನೀರು ಚಿಮುಕಿಸಿ ಕೂರುವ ಹೊತ್ತು. ರೇಸ್ ಮುಗಿದ ಮೇಲೆ ಅವನ ಕೊನೆಯ ಐದು ಲ್ಯಾಪಿನ ಟೈಮಿಂಗ್ ಬರೆದುಕೊಳ್ಳಿ, ಪಕ್ಕದಲ್ಲಿ 15ನೇ ಬಂದವನದ್ದೂ. ಎರಡೂ ಹತ್ತಿರ ಹತ್ತಿರ ಇದ್ದರೆ ಟೈರು ಕಾಯ್ದುಕೊಳ್ಳುವುದನ್ನು ಅವನು ಕಲಿತ ಅಂತ ಅರ್ಥ. ಮುಂದಿನ ರೇಸಿಗೂ ಅವನೇ ಬರುವುದಾದರೆ ಹೊಸ ಪುಟ ತೆಗೆಯಬೇಡಿ, ಅದೇ ಪುಟದ ಕೆಳಗೆ ಮುಂದುವರಿಸಿ. ಜೊನಾಥನ್ ರೇಗೆ ನಾವು ಹಾಗೇ ಹಿಂದಿನಿಂದ ಲೆಕ್ಕ ಬರೆದು ನೋಡಿದ್ದೇವೆ: ಮೇಲಿನ ಸಾಲಿನಲ್ಲಿ ಮಿಸಾನೊ 8, ಕೆಳಗೆ ಅರಗಾನ್ 7.